ಎರಡೂ ಕಡೆಯ ಕಾಯಿ

ಚದುರಂಗ ಕಲಿಯಲು ಬಂದ ಹುಡುಗನನ್ನು ‘ನಿನ್ನ ಸೇನೆ ಯಾವುದಪ್ಪಾ?’ ಎಂದು ಯಾರೂ ಕೇಳುವುದಿಲ್ಲ. ಹಲಗೆ ಯಾರದೋ ಅವರ ಮನೆಯಲ್ಲೇ ಎರಡೂ ಬಣ್ಣದ ಕಾಯಿಗಳಿರುತ್ತವೆ. ಬಿಳಿಯೋ ಕಪ್ಪೋ ಎಂಬುದು ಆ ಹೊತ್ತಿನ ಮಾತು. ಅಲ್ಲಿ ಎರಡು ಸೇನೆಗಳೂ ಸಮಬಲದವು, ಅದಕ್ಕೇ ಈ ಪ್ರಶ್ನೆ ಏಳುವುದಿಲ್ಲ ಎನ್ನೋಣವೆಂದರೆ ನಮ್ಮ ಆಡು-ಹುಲಿ ಆಟ ಅಡ್ಡ ಬರುತ್ತದೆ. ಒಂದು ಕಡೆ 3 ಹುಲಿ, ಇನ್ನೊಂದು ಕಡೆ 15 ಆಡು. ಎಣಿಕೆಯೂ ಬೇರೆ, ನಡೆಯೂ ಬೇರೆ, ಗೆಲ್ಲುವ ದಾರಿಯೂ ಬೇರೆ. ಹಾಗಿದ್ದರೂ ದೇವಸ್ಥಾನದ ಜಗಲಿಕಲ್ಲಿನ ಮೇಲೆ ಗೀರಿದ ಗೆರೆಗಳ ಮುಂದೆ ಕೂತವರಲ್ಲಿ ಯಾರೂ ‘ನಾನು ಹುಲಿ ಪಕ್ಷದವನು’ ಎಂದು ಜನ್ಮವಿಡೀ ಹೇಳಿಕೊಂಡು ತಿರುಗಲಿಲ್ಲ. ಒಂದಾಟಕ್ಕೆ ಹುಲಿ, ಮುಂದಿನಾಟಕ್ಕೆ ಆಡು.

ಮಿನಿಯೇಚರ್ ಯುದ್ಧದಾಟಕ್ಕೆ ಕಾಲಿಡುವವನಿಗೆ ಮಾತ್ರ ಬಾಗಿಲಲ್ಲೇ ಈ ಪ್ರಶ್ನೆ ಎದುರಾಗುತ್ತದೆ. ಇದು ಹೆಬ್ಬೆರಳೆತ್ತರದ ಸೈನಿಕರ ಆಟ. ಸೈನಿಕರು ಸಿದ್ಧವಾಗಿ ಬರುವುದಿಲ್ಲ; ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿದ ಕೈ, ಕಾಲು, ತಲೆಗಳಾಗಿ ಡಬ್ಬಿಯಲ್ಲಿ ಬರುತ್ತಾರೆ. ಅವನ್ನು ಕತ್ತರಿಸಿ, ಅರದಿಂದ ಉಜ್ಜಿ, ಅಂಟಿಸಿ, ಬಣ್ಣ ಬಳಿದು ನಿಲ್ಲಿಸಿದ ಮೇಲೆ ಆಟ. ಈ ಬಗೆಯಲ್ಲಿ ಇವತ್ತು ಬಹಳ ಹೆಸರಾಗಿರುವ ‘ವಾರ್‌ಹ್ಯಾಮರ್ 40,000’ರಲ್ಲಿ ಒಂದು ಪೂರ್ಣ ಪಂದ್ಯಕ್ಕೆ ಸಾಮಾನ್ಯವಾಗಿ 2,000 ಅಂಕಗಳ ಸೇನೆ ಬೇಕು. ಪ್ರತಿ ತುಕಡಿಗೂ ಅಂಕದ ಲೆಕ್ಕದಲ್ಲಿ ಬೆಲೆಯಿದೆ. ಅಗ್ಗದ ನೂರು ಕಾಲಾಳುಗಳನ್ನು ತಂದರೂ ಸರಿ, ದುಬಾರಿಯ ಐದು ದೈತ್ಯಯಂತ್ರಗಳನ್ನು ತಂದರೂ ಸರಿ. 60 ಇಂಚು ಉದ್ದ, 44 ಇಂಚು ಅಗಲದ ಮೇಜು, ಅಳತೆ ಟೇಪು, ಹಿಡಿ ತುಂಬ ದಾಳ, ಮೂರು ಗಂಟೆ ಬಿಡುವು. ಆರಿಸಿಕೊಳ್ಳಲು ಇಪ್ಪತ್ತಕ್ಕೂ ಹೆಚ್ಚು ಪಂಗಡಗಳು. ‘ಮೊದಲ ಸೇನೆ ಯಾವುದು ಮಾಡಲಿ?’ ಎಂದು ಹೊಸಬ ಕೇಳಿದರೆ ಹಳಬರಿಂದ ಬರುವ ಉತ್ತರ ಮೂರು: ಬಲವಾದದ್ದು, ಅಗ್ಗವಾದದ್ದು, ಮನಸ್ಸಿಗೆ ಹಿಡಿಸಿದ್ದು. ಮೂರರಲ್ಲೂ ಅಷ್ಟಿಷ್ಟು ನಿಜವಿದೆ. ಆದರೆ ತೊಡಕಿರುವುದು ಪ್ರಶ್ನೆಯಲ್ಲೇ ಎಂಬುದು ನನ್ನ ವಾದ.

ಪ್ರಶ್ನೆ ಹುಟ್ಟಿದ ಬಗೆಯನ್ನು ಮೊದಲು ನೋಡಬೇಕು. 1824ರಲ್ಲಿ ಪ್ರಶ್ಯದ ಸೇನೆಯ ಲೆಫ್ಟಿನೆಂಟ್ ಗೇಯೋರ್ಗ್ ಫಾನ್ ರೈಸ್‌ವಿಟ್ಸ್ ‘ಕ್ರೀಗ್ಸ್‌ಷ್ಪೀಲ್’ ಎಂಬ ಯುದ್ಧದಾಟದ ನಿಯಮಗಳನ್ನು ಹೊರತಂದ. 1:8000 ಪ್ರಮಾಣದ ನಕಾಶೆ, ತುಕಡಿಗಳ ಬದಲಿಗೆ ಕೆಂಪು ಮತ್ತು ನೀಲಿಯ ಪುಟ್ಟ ತುಂಡುಗಳು, ದಾಳ, ಎರಡೂ ಪಕ್ಷದ ಆಜ್ಞೆಗಳನ್ನು ತೂಗಿ ಫಲ ಹೇಳುವ ತೀರ್ಪುಗಾರ. ಪೆಟ್ಟಿಗೆ ರೆಜಿಮೆಂಟಿನದು. ಅಧಿಕಾರಿಗಳು ಎರಡು ಪಾಳಯವಾಗಿ ಕೂರುತ್ತಿದ್ದರು. ಯಾರಾದರೂ ಒಬ್ಬರು ಶತ್ರುವಾಗಲೇಬೇಕಿತ್ತು. ಯಾವಾಗಲೂ ನೀಲಿಯನ್ನೇ ಆಡುತ್ತೇನೆಂದು ಹಟ ಹಿಡಿದವನು ಅಲ್ಲಿ ಕಲಿಯುವಂಥದು ಅರ್ಧ ಮಾತ್ರ. ಮುಂದೆ 1913ರಲ್ಲಿ ಎಚ್. ಜಿ. ವೆಲ್ಸ್ ‘ಲಿಟಲ್ ವಾರ್ಸ್’ ಬರೆದಾಗ ಆಟ ಮನೆಯೊಳಗೆ ಬಂತು. ಸೀಸದ ಬೊಂಬೆ ಸಿಪಾಯಿಗಳನ್ನು ನೆಲದ ಮೇಲೆ ಹರಡಿ, ಸ್ಪ್ರಿಂಗ್ ಇದ್ದ ಆಟಿಕೆ ಫಿರಂಗಿಯಿಂದ ಮರದ ಪುಟ್ಟ ಗುಂಡು ಹಾರಿಸಿ ಅವನ್ನು ಬೀಳಿಸುವ ಆಟ ಅದು. ನಿಜವಾದ ಯುದ್ಧ ಎಂಥ ದಡ್ಡತನ ಎಂದು ತೋರಿಸುವುದೂ ವೆಲ್ಸ್‌ನ ಉದ್ದೇಶವಾಗಿತ್ತು. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತೆಂಬುದು ಬೇರೆ ಕತೆ. ಇಲ್ಲಿಯೂ ಬೊಂಬೆಗಳು ಮನೆಯವು. ಬಂದ ಅತಿಥಿ ಒಂದು ಕಡೆ ಕೂತರೆ ಸಾಕು.

1983ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸುತ್ತಿನಿಂದ ‘ವಾರ್‌ಹ್ಯಾಮರ್’ ಬಂದಾಗ ಗಾಳಿ ತಿರುಗಿತು. ಲೋಹದ ಪುಟ್ಟ ಮೂರ್ತಿಗಳನ್ನು ಎರಕ ಹೊಯ್ದು ಮಾರುತ್ತಿದ್ದವರು, ಜನ ಅವನ್ನು ಇನ್ನಷ್ಟು ಕೊಳ್ಳಲೆಂದು ಮಾಡಿಸಿದ ಆಟ ಅದು. ನಾಲ್ಕು ವರ್ಷದ ಮೇಲೆ, 1987ರಲ್ಲಿ, ರಿಕ್ ಪ್ರೀಸ್ಟ್ಲಿ ಬರೆದ ‘ವಾರ್‌ಹ್ಯಾಮರ್ 40,000’ ಬಂತು. ಬರಬರುತ್ತ ಪ್ರತಿ ಪಂಗಡಕ್ಕೂ ತನ್ನದೇ ಪುಸ್ತಕ, ತನ್ನದೇ ಚರಿತ್ರೆ, ತನ್ನದೇ ಬಣ್ಣ. ಸೇನೆ ಎಂಬುದು ಆಟದ ಸಾಮಾನಾಗಿದ್ದದ್ದು ಆಟಗಾರನ ಗುರುತಾಯಿತು. ಆಟಗಾರ ತನ್ನ ಸೇನೆಯನ್ನು ತಾನೇ ಹೊತ್ತು ತರಬೇಕು, ಎದುರಾಳಿ ಅವನದನ್ನು ತರಬೇಕು. ಆ ಆಟದ ಒಡೆತನವಿರುವ ಗೇಮ್ಸ್ ವರ್ಕ್‌ಶಾಪ್ 2024ರ ಡಿಸೆಂಬರಿನಲ್ಲಿ ಲಂಡನ್ ಷೇರುಪೇಟೆಯ ಮೊದಲ ನೂರು ಕಂಪನಿಗಳ ಸೂಚ್ಯಂಕಕ್ಕೆ ಸೇರಿತು. ಇದರಲ್ಲಿ ಕೆಡುಕೇನೂ ಇಲ್ಲ. ಇಷ್ಟು ಸೊಗಸಾದ ಮೂರ್ತಿಗಳು ನಮಗೆ ದಕ್ಕಿದ್ದೂ ಆ ವ್ಯಾಪಾರದಿಂದಲೇ. ಆದರೂ ‘ನನ್ನ ಸೇನೆ ಯಾವುದು?’ ಎಂದು ಕೇಳಿಕೊಳ್ಳುವಾಗ ಈ ಪ್ರಶ್ನೆಯನ್ನು ನಮ್ಮ ಬಾಯಲ್ಲಿಟ್ಟದ್ದು ಅಂಗಡಿ ಎಂಬುದು ನೆನಪಿರಲಿ.

ಈಗ ಉತ್ತರಗಳಿಗೆ ಬರೋಣ. ಬಲವಾದ ಸೇನೆಯನ್ನೇ ಕಟ್ಟು ಎನ್ನುವವರು ಒಂದು ಸಂಗತಿ ಮರೆಯುತ್ತಾರೆ: ಇಲ್ಲಿ ಬಲವಿರುವುದು ಬೊಂಬೆಯಲ್ಲಲ್ಲ, ಕಾಗದದ ಮೇಲೆ. ‘40,000’ದ ನಿಯಮಪುಸ್ತಕ 2017ರಲ್ಲಿ ಬದಲಾಯಿತು, 2020ರಲ್ಲಿ ಬದಲಾಯಿತು, 2023ರಲ್ಲಿ ಮತ್ತೆ ಬದಲಾಯಿತು. ನಡುನಡುವೆ ವರ್ಷಕ್ಕೆ ಹಲವು ಸಲ ಅಂಕಗಳ ಪಟ್ಟಿ ಏರಿಳಿಯುತ್ತದೆ. 2023ರ ಹೊಸ ನಿಯಮ ಬಂದ ಹೊಸದರಲ್ಲಿ ‘ಎಲ್ದಾರಿ’ ಪಂಗಡ ಪಂದ್ಯಾವಳಿಗಳಲ್ಲಿ ಯಾರನ್ನೂ ನಿಲ್ಲಗೊಡಲಿಲ್ಲ. ಕೆಲವೇ ತಿಂಗಳಲ್ಲಿ ಅದರ ರೆಕ್ಕೆ ಕತ್ತರಿಸಲಾಯಿತು. ಅದಕ್ಕೂ ಹಿಂದಿನ ವರ್ಷ ‘ವೋಟಾನ್’ ಎಂಬ ಕುಳ್ಳರ ಸೇನೆಯ ಪುಸ್ತಕ ಬಂದಾಗ ಅದರ ಬಲ ಕಂಡು ಎಷ್ಟು ಗಲಾಟೆಯಾಯಿತೆಂದರೆ, ಸೇನೆ ಪೂರ್ತಿಯಾಗಿ ಅಂಗಡಿಗೆ ಬರುವ ಮೊದಲೇ ಅದರ ಅಂಕದ ಬೆಲೆ ಏರಿತು. ಹೊಸಬ ಒಂದು ಸೇನೆಗೆ ಬಣ್ಣ ಬಳಿದು ಮುಗಿಸಲು ಬೇಕಾದ ಕಾಲದಲ್ಲಿ ಆ ಸೇನೆ ಎರಡು ಸಲ ಏರಿ ಮೂರು ಸಲ ಇಳಿದಿರುತ್ತದೆ. ಇವತ್ತಿನ ಬಲಾಬಲ ನೋಡಿ ಆರಿಸುವವನು ಬೇರೆಯವರ ಜಾತಕ ನೋಡಿ ತನ್ನ ಮದುವೆಗೆ ಮುಹೂರ್ತ ಇಟ್ಟಂತೆ.

ಕಾಗದ ಸತ್ತರೂ ಬೊಂಬೆ ಉಳಿಯುತ್ತದೆ ಎಂಬುದಕ್ಕೂ ಇಲ್ಲೇ ಸಾಕ್ಷಿಯಿದೆ. 2015ರಲ್ಲಿ ಹಳೆಯ ‘ವಾರ್‌ಹ್ಯಾಮರ್’ನ ಲೋಕವನ್ನೇ ಕತೆಯಲ್ಲಿ ಪ್ರಳಯ ಮಾಡಿ ಮುಗಿಸಿದರು. ಚೌಕಾಕಾರದ ಪೀಠದ ಮೇಲೆ ಸಾಲಾಗಿ ನಿಲ್ಲುತ್ತಿದ್ದ ಸೈನಿಕರ ಜಾಗಕ್ಕೆ ದುಂಡು ಪೀಠದ ಮೇಲೆ ಬಿಡಿಯಾಗಿ ನಿಲ್ಲುವ ಹೊಸ ಆಟ ಬಂತು. ‘ಬ್ರೆಟೋನಿಯ’ದ ಕುದುರೆವೀರರೂ ‘ಟೂಂಬ್ ಕಿಂಗ್ಸ್’ ಎಂಬ ಗೋರಿಯ ಅರಸರೂ ಮಾರಾಟದಿಂದಲೇ ಮರೆಯಾದರು. ಬಲ ನೋಡಿ ಆ ಸೇನೆ ಕಟ್ಟಿದ್ದವರು ಮಾರಿ ಕೈತೊಳೆದುಕೊಂಡರು. ಕುದುರೆಯ ಹೊದಿಕೆಯ ಮೇಲೊಂದು ಹೂವಿನ ಗುರುತು ಬರೆಯಲು ರಾತ್ರಿಯೆಲ್ಲ ಕೂತಿದ್ದವರು ಗಾಜಿನ ಕಪಾಟಿನಲ್ಲಿ ಇಟ್ಟುಕೊಂಡರು. 2024ರ ಜನವರಿಯಲ್ಲಿ ಹಳೆಯ ಲೋಕ ಹೊಸ ಹೆಸರಿನಲ್ಲಿ ಮರಳಿತು. ಮೊದಲು ಅಂಗಡಿಗೆ ಬಂದ ಎರಡು ಸೇನೆಗಳು ಅವೇ.

ಎರಡನೆಯ ಉತ್ತರ, ಅಗ್ಗದ್ದು. ಹತ್ತು ಸೈನಿಕರ ಒಂದು ಡಬ್ಬಿಗೆ ನಮ್ಮಲ್ಲಿ ಕೆಲವು ಸಾವಿರ ರೂಪಾಯಿ ತೆರಬೇಕಾದಾಗ ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬೊಂಬೆ ಕಡಿಮೆಯಿರುವ ಸೇನೆ ಅಗ್ಗ ಎಂಬುದು ಸಾಮಾನ್ಯ ಲೆಕ್ಕ. ‘ಇಂಪೀರಿಯಲ್ ನೈಟ್ಸ್’ ಎಂಬ ಪಂಗಡದಲ್ಲಿ ಬೆರಳೆಣಿಕೆಯ ದೊಡ್ಡ ಯಂತ್ರಗಳಿಂದಲೇ 2,000 ಅಂಕ ತುಂಬುತ್ತದೆ. ಆದರೆ ಅದರಲ್ಲಿ ಒಂದು ಯಂತ್ರ ಬಿದ್ದರೆ ಸೇನೆಯ ಕಾಲುಭಾಗವೇ ಬಿದ್ದಂತೆ. ಆಟ ಕಲಿಯುವವನ ತಪ್ಪಿಗೆ ಅಲ್ಲಿ ಮಾಫಿಯಿಲ್ಲ. ಜೊತೆಗೆ ಇಲ್ಲಿ ಖರ್ಚಾಗುವುದು ಹಣ ಮಾತ್ರವಲ್ಲ. ಹಣಕ್ಕಿಂತ ಹೆಚ್ಚು ಖರ್ಚಾಗುವುದು ಭಾನುವಾರಗಳು.

ಆ ಲೆಕ್ಕವನ್ನೇ ಹಾಕೋಣ. ಕತ್ತರಿಸುವುದು, ಅಂಟಿಸುವುದು, ಪ್ರೈಮರ್, ಬಣ್ಣ ಎಲ್ಲ ಸೇರಿ ಹೊಸಬನಿಗೆ ಒಂದು ಬೊಂಬೆಗೆ ಒಂದೂವರೆ ಗಂಟೆ ಹಿಡಿಯಿತೆನ್ನಿ. ನೂರು ಬೊಂಬೆಯ ದಂಡಿಗೆ 150 ಗಂಟೆ. ಭಾನುವಾರಕ್ಕೆ ಮೂರು ಗಂಟೆಯಂತೆ 50 ಭಾನುವಾರ, ಹೆಚ್ಚುಕಡಿಮೆ ಒಂದು ವರ್ಷ. ಅದೇ ವರ್ಷದಲ್ಲಿ ತಿಂಗಳಿಗೊಂದು ಪಂದ್ಯ ಆಡಿದರೂ ಆಟದ ಹೊತ್ತು 36 ಗಂಟೆ. ಯಕ್ಷಗಾನದಲ್ಲಿ ಬಣ್ಣದ ವೇಷದವನು ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಮುಖಕ್ಕೆ ಚಿಟ್ಟಿ ಇಟ್ಟುಕೊಳ್ಳುತ್ತಾನಲ್ಲ, ಈ ಆಟವೂ ಹಾಗೆಯೇ: ರಂಗಸ್ಥಳದ ಹೊತ್ತಿಗಿಂತ ಚೌಕಿಯ ಹೊತ್ತೇ ಹೆಚ್ಚು. ಚೌಕಿಯಲ್ಲಿ ಕೂರಲು ಬೇಸರಪಡುವವನಿಗೆ ಯಾವ ವೇಷವೂ ಒಗ್ಗುವುದಿಲ್ಲ.

ಈ ಕಾರಣಕ್ಕೆ ಮೂರನೆಯ ಉತ್ತರ, ಮನಸ್ಸಿಗೆ ಹಿಡಿಸಿದ್ದನ್ನು ಆರಿಸು ಎಂಬುದು, ಮೂರರಲ್ಲಿ ಒಳ್ಳೆಯದು. ಆದರೆ ಅದೂ ಒಂದು ಹೆಜ್ಜೆ ಕಡಿಮೆ ನಡೆಯುತ್ತದೆ. ಡಬ್ಬಿಯ ಮೇಲಿನ ಚಿತ್ರ ಹಿಡಿಸುವುದು ಕಣ್ಣಿಗೆ. ಕೆಲಸ ಮಾಡಬೇಕಾದ್ದು ಕೈ. ನಾನು ಎಡವಿದ್ದೂ ಇಲ್ಲೇ. ಹಸಿರು ಚರ್ಮದ ರಾಕ್ಷಸರ ದಂಡೊಂದರ ಚಿತ್ರಕ್ಕೆ ಮರುಳಾಗಿ ಒಮ್ಮೆಗೇ 60 ಬೊಂಬೆ ತಂದೆ. ಒಂದೊಂದರ ಮೈಮೇಲೂ ಹರಿದ ಬಟ್ಟೆ, ತೊಗಲಿನ ಪಟ್ಟಿ, ತುಕ್ಕು ಹಿಡಿದ ತಗಡು, ಹಲ್ಲು, ಉಗುರು. 14 ಮುಗಿಸುವ ಹೊತ್ತಿಗೆ ಹಸಿರು ಬಣ್ಣ ಕಂಡರೆ ಆಗದ ಸ್ಥಿತಿ. ಉಳಿದ 46 ಮಂದಿ ಚಪ್ಪಲಿ ಡಬ್ಬಿಯಲ್ಲಿ ಮಂಚದ ಕೆಳಗೆ ಸೇರಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರ ಸಾಲಿಗೆ ನಾನೂ ಸೇರಿದೆ. ಆ ರಾಕ್ಷಸರನ್ನು ನಾನು ಇಷ್ಟಪಟ್ಟದ್ದು ಸುಳ್ಳಲ್ಲ. ಅರವತ್ತು ಸಲ ಇಷ್ಟಪಡಬಲ್ಲೆನೇ ಎಂದು ಕೇಳಿಕೊಂಡಿರಲಿಲ್ಲ, ಅಷ್ಟೆ.

ಕೈಯ ಇಷ್ಟವನ್ನು ಕೈಯಿಂದಲೇ ತಿಳಿಯಬೇಕು. ‘ನೆಕ್ರಾನ್’ಗಳೆಂಬ ಲೋಹದ ಅಸ್ಥಿಪಂಜರಗಳಿಗೆ ಬೆಳ್ಳಿ ಬಣ್ಣ ಸಿಂಪಡಿಸಿ, ಸಂದುಗಳಿಗೆ ಕಪ್ಪು ನೀರುಬಣ್ಣ ಹರಿಸಿದರೆ ಮುಕ್ಕಾಲು ಕೆಲಸ ಮುಗಿಯಿತು. ‘ಸ್ಪೇಸ್ ಮರೀನ್’ಗಳ ಕವಚ ನುಣುಪು, ಅಗಲ, ಕುಂಚ ಸರಾಗ ಓಡುತ್ತದೆ, ಆದರೆ ನಡುಗಿದ ಕೈಯ ಗುರುತು ಎದ್ದು ಕಾಣುತ್ತದೆ. ಮನುಷ್ಯರ ಸೇನೆಯಾದರೆ ಪ್ರತಿ ಮುಖಕ್ಕೂ ಕಣ್ಣು ಬರೆಯಬೇಕು. ಒಬ್ಬರಿಗೆ ಸುಸ್ತು ತರುವ ಕೆಲಸ ಇನ್ನೊಬ್ಬರಿಗೆ ಜಪ. ನಿಮ್ಮದು ಯಾವುದೆಂದು ಐದು ಬೊಂಬೆ ಮುಗಿಸುವ ತನಕ ನಿಮಗೂ ಗೊತ್ತಿರುವುದಿಲ್ಲ, ಸಲಹೆ ಕೊಡುವ ಹಳಬರಿಗಂತೂ ಮೊದಲೇ ಗೊತ್ತಿಲ್ಲ.

ಇಲ್ಲಿಯವರೆಗೆ ಒಂದು ಸೇನೆಯ ಮಾತಾಯಿತು. ನಮ್ಮ ಊರುಗಳಲ್ಲಿ ಕೂತು ಯೋಚಿಸುವವನಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ: ಎದುರಿಗೆ ಯಾರು? ನಾಟಿಂಗ್‌ಹ್ಯಾಮಿನಲ್ಲಿ ಸೇನೆ ಹೊತ್ತುಕೊಂಡು ಹೊರಟರೆ ಸಂಜೆಯೊಳಗೆ ಇನ್ನೊಂದು ಸೇನೆ ಸಿಗುತ್ತದೆ. ಬೆಂಗಳೂರಿನಲ್ಲಿ ಹುಡುಕಿದರೆ ಆಡುವವರು ಸಿಕ್ಕಾರು. ದಾವಣಗೆರೆಯಲ್ಲೋ ಸಿರಸಿಯಲ್ಲೋ ಸುಸಜ್ಜಿತ ಸೇನೆ ಕಟ್ಟಿಕೊಂಡವನು ಶತ್ರುವಿಲ್ಲದ ಚಕ್ರವರ್ತಿ. ಉದ್ಯೋಗಪರ್ವದಲ್ಲಿ ದುರ್ಯೋಧನ ನಾರಾಯಣೀ ಸೇನೆಯನ್ನೂ ಅರ್ಜುನ ನಿರಾಯುಧ ಕೃಷ್ಣನನ್ನೂ ಆರಿಸಿಕೊಂಡ ಪ್ರಸಂಗವನ್ನು ನಾವು ಭಕ್ತಿಯ ಪಾಠವಾಗಿ ಕೇಳಿ ಬೆಳೆದಿದ್ದೇವೆ. ಅದರಲ್ಲಿ ಇನ್ನೂ ಸರಳವಾದ ಪಾಠವೊಂದಿದೆ. ದುರ್ಯೋಧನ ತಲೆ ಎಣಿಸಿದ. ಅರ್ಜುನ ತನ್ನ ರಥದಲ್ಲಿ ಕೂರುವವರು ಯಾರೆಂದು ಯೋಚಿಸಿದ. ಈ ಆಟದಲ್ಲಿ ಮೇಜಿನಾಚೆ ಕೂರುವವನೇ ನಮ್ಮ ಜೊತೆಗಾರ. ಅವನನ್ನು ದೊರಕಿಸಿಕೊಳ್ಳದೆ ಕಟ್ಟಿದ ಸೇನೆ ಗಾಜಿನ ಕಪಾಟಿನ ಅಲಂಕಾರ.

ಹಾಗಾದರೆ ಜೊತೆಗಾರನನ್ನು ದೊರಕಿಸಿಕೊಳ್ಳುವುದು ಹೇಗೆ? ಚದುರಂಗದ ಹಲಗೆ ಇಟ್ಟುಕೊಂಡವನು ಮಾಡಿದಂತೆ. ಎರಡೂ ಕಡೆಯ ಕಾಯಿ ನಮ್ಮಲ್ಲೇ ಇರಬೇಕು. ಮೊದಲ ಸೇನೆ ಎಂದು ಒಂದು ಸೇನೆ ಕಟ್ಟಬೇಡಿ, ಎರಡು ಚಿಕ್ಕ ಪಡೆ ಕಟ್ಟಿ ಎಂಬುದು ನಾನು ಹೇಳಲು ಹೊರಟ ಮಾತು. ಐದು ಇಲ್ಲಿ, ಐದು ಅಲ್ಲಿ. ಹೆಚ್ಚೆಂದರೆ ಹತ್ತು, ಹತ್ತು. ಒಂದು ಪಡೆಯಲ್ಲಿ ಬಣ್ಣದ ಕೆಲಸ ಕಡಿಮೆಯಿರಲಿ, ಇನ್ನೊಂದರಲ್ಲಿ ಬಟ್ಟೆ, ಮುಖ ಎಲ್ಲ ಇರಲಿ. ಕೈ ಯಾವ ಕಡೆ ವಾಲುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಇಂಥ ಚಿಕ್ಕ ಪಡೆಗಳಿಗೆಂದೇ ನಿಯಮಗಳಿವೆ. ‘ಕಿಲ್ ಟೀಮ್’ ಆಡಲು ಸುಮಾರು 30 ಇಂಚು ಉದ್ದ, 22 ಇಂಚು ಅಗಲದ ಜಾಗ ಸಾಕು. ಊಟದ ಮೇಜಿನ ಅರ್ಧ. ಚರಿತ್ರೆಯ ಯುದ್ಧಗಳತ್ತ ಒಲವಿದ್ದರೆ 1990ರಲ್ಲಿ ಬಂದ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ಇದೆ. ಅದರಲ್ಲಿ ಯಾವ ಸಾಮ್ರಾಜ್ಯದ ಸೇನೆಯಾದರೂ 12 ತುಂಡು ಮಾತ್ರ. ಆನೆ ರಥಗಳಿರುವ ಪ್ರಾಚೀನ ಭಾರತದ ಸೇನೆಗೂ ಅಲೆಕ್ಸಾಂಡರನ ಸೇನೆಗೂ ಅಷ್ಟೇ. ಒಂದು ಗಂಟೆಯೊಳಗೆ ಆಟ ಮುಗಿದು, ಕಡೆ ಬದಲಿಸಿ ಇನ್ನೊಂದಾಟಕ್ಕೂ ಹೊತ್ತು ಉಳಿಯುತ್ತದೆ. ಆಡು-ಹುಲಿಯ ಪದ್ಧತಿಯೇ.

ಹೀಗೆ ಮಾಡಿದರೆ ಮೊದಲಿನ ಮೂರು ಉತ್ತರಗಳ ಜಗಳವೂ ತಣ್ಣಗಾಗುತ್ತದೆ. ಯಾವುದು ಬಲವಾದದ್ದು ಎಂಬ ಚಿಂತೆಯಿಲ್ಲ, ಎರಡನ್ನೂ ತೂಗಿ ಸಮ ಮಾಡುವವರು ನೀವೇ. ಖರ್ಚು ನೂರರದಲ್ಲ, ಇಪ್ಪತ್ತರದು. ಹಿಡಿಸಿತೇ ಇಲ್ಲವೇ ಎಂಬುದು ಊಹೆಯಲ್ಲ, ಅನುಭವ.

ಆಕ್ಷೇಪಗಳಿವೆ. ಒಂದು ಸೇನೆಗೇ ಹಣ ಸಾಲದು, ಎರಡೆಲ್ಲಿಂದ ಎನ್ನಬಹುದು. ಅಂಗಡಿಯೇ ಇದಕ್ಕೆ ದಾರಿ ಮಾಡಿದೆ. 2020ರ ‘ಇಂಡಾಮಿಟಸ್’ ಪೆಟ್ಟಿಗೆಯಲ್ಲಿ ಸ್ಪೇಸ್ ಮರೀನ್‌ಗಳ ಜೊತೆ ನೆಕ್ರಾನ್‌ಗಳಿದ್ದವು, 2023ರ ‘ಲೆವಿಯಾಥನ್’ನಲ್ಲಿ ಅವರ ಎದುರು ‘ಟಿರನಿಡ್’ ಎಂಬ ಹುಳುರಾಕ್ಷಸರು. ಇಂಥ ಪೆಟ್ಟಿಗೆ ಕೊಂಡವರಲ್ಲಿ ಎಷ್ಟೋ ಜನ ‘ನನ್ನದಲ್ಲದ’ ಅರ್ಧವನ್ನು ಮಾರಿಯೋ ಬದಲಿಸಿಯೋ ಬಿಡುತ್ತಾರೆ. ನಮ್ಮಂಥ ಊರಿನಲ್ಲಿರುವವರು ಮಾಡಬಾರದ ಕೆಲಸ ಅದೊಂದೇ. ಅದೂ ಕೈಗೆಟುಕದಿದ್ದರೆ ರಟ್ಟಿಗೆ ಅಂಟಿಸಿದ ಕಾಗದದ ಸೈನಿಕರಿದ್ದಾರೆ. ಕಳೆದ ಬೇಸಿಗೆಯಲ್ಲಿ ಅಕ್ಕನ ಮಗ ಬಂದಾಗ ನನ್ನ ಹದಿನಾಲ್ಕು ರಾಕ್ಷಸರಲ್ಲಿ ಹತ್ತು ಮಂದಿ ಒಂದು ಕಡೆ ನಿಂತರು, ಅವನೇ ಬಿಡಿಸಿ ಕತ್ತರಿಸಿದ ರಟ್ಟಿನ ಬಿಲ್ಲುಗಾರರು ಇನ್ನೊಂದು ಕಡೆ. ಎರಡು ವರ್ಷದಿಂದ ಸುಮ್ಮನಿದ್ದ ಆ ದಂಡು ಅವತ್ತು ಮೊದಲ ಸಲ ಆಟವಾಯಿತು. ಮೂರನೆಯ ಆಟಕ್ಕೆ ಅವನು, ‘ಮಾಮ, ಈ ಸಲ ರಾಕ್ಷಸರು ನನಗೆ’ ಎಂದ.

‘ಇದು ನನ್ನ ಸೇನೆ’ ಎಂಬ ಹೆಮ್ಮೆಯೇ ಈ ಹವ್ಯಾಸದ ಜೀವಾಳ, ಎರಡು ದೋಣಿಯಲ್ಲಿ ಕಾಲಿಟ್ಟರೆ ಅದು ಬರುವುದಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಹುರುಳಿದೆ. ಹತ್ತು ವರ್ಷ ಒಂದೇ ಪಂಗಡಕ್ಕೆ ಬಣ್ಣ ಬಳಿದವರ ಕಪಾಟು ನೋಡಿದವರಿಗೆ ಆ ಹೆಮ್ಮೆ ಸುಳ್ಳೆನಿಸದು. ಆದರೆ ಅದು ಹತ್ತು ವರ್ಷದ ಫಲ, ಮೊದಲ ದಿನದ ಆಯ್ಕೆಯಲ್ಲ. ಎರಡು ಚಿಕ್ಕ ಪಡೆಗಳಲ್ಲಿ ಕೈ ಯಾವುದಕ್ಕೆ ಮತ್ತೆ ಮತ್ತೆ ಮರಳುತ್ತದೋ ಅದು ಬೆಳೆದು ಸೇನೆಯಾಗುತ್ತದೆ. ಇನ್ನೊಂದು ಅತಿಥಿಗಳಿಗೆಂದು ಉಳಿಯುತ್ತದೆ.

ಕಡೆ ಬದಲಿಸುವುದರಿಂದ ಇನ್ನೊಂದು ಲಾಭವಿದೆ. ವಿಚಾರವಂತರು ಇದನ್ನು ತುಸು ನಿಂತು ನೋಡಬೇಕು. ಸೇನೆ ಆರಿಸುವುದೆಂದರೆ ಪಕ್ಷ ಹಿಡಿಯುವುದೇ? ‘40,000’ದ ಮಾನವ ಸಾಮ್ರಾಜ್ಯ ಕ್ರೂರ ಸರ್ವಾಧಿಕಾರದ ವಿಡಂಬನೆ. ಅದನ್ನು ಆದರ್ಶವೆಂದು ತಿಳಿಯುವವರು ಕಂಡುಬಂದಾಗ, 2021ರಲ್ಲಿ ಕಂಪನಿಯೇ ಈ ಲೋಕದಲ್ಲಿ ಒಳ್ಳೆಯವರ ಪಕ್ಷ ಎಂಬುದಿಲ್ಲ, ದ್ವೇಷ ಹರಡುವವರಿಗೆ ಇಲ್ಲಿ ಜಾಗವಿಲ್ಲ ಎಂದು ಬಹಿರಂಗವಾಗಿ ಹೇಳಬೇಕಾಯಿತು. ಚರಿತ್ರೆಯ ಆಟದಲ್ಲಿ ಈ ಪ್ರಶ್ನೆ ಇನ್ನೂ ಮೊನಚು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಮೇಜಿನ ಮೇಲೆ ಆಡಬೇಕೆಂದರೆ ಯಾರಾದರೂ ಈಸ್ಟ್ ಇಂಡಿಯಾ ಕಂಪನಿಯ ಕಡೆ ನಿಲ್ಲಬೇಕು. ನಿಂತವನಿಗೆ, ಬಣ್ಣ ಬಳಿಯಲು ಕೂತಾಗ, ಒಂದು ಸಂಗತಿ ತಿಳಿಯುತ್ತದೆ: ಆ ಸೇನೆಯಲ್ಲಿ ಮದ್ರಾಸು, ಬೊಂಬಾಯಿಯ ಸಿಪಾಯಿಗಳೂ ನಿಜಾಮನ ಕಡೆಯವರೂ ಇದ್ದುದರಿಂದ, ಅವನ ಕುಂಚ ಮುಟ್ಟುವ ಮುಖಗಳಲ್ಲಿ ಹೆಚ್ಚಿನವು ಈ ನೆಲದವೇ. ಟಿಪ್ಪುವಿನ ಸೇನೆಗೆ ಮಾತ್ರ ಬಣ್ಣ ಬಳಿಯುತ್ತ ಕೂತಿದ್ದರೆ ಇದು ಬೆರಳಿಗೆ ತಾಗುತ್ತಿರಲಿಲ್ಲ. ರಾವಣನ ವೇಷ ಕಟ್ಟುವವನು ರಾವಣನ ಪಕ್ಷದವನಾಗುವುದಿಲ್ಲ. ಆದರೆ ಬರಿದೇ ನೋಡಿದವನಿಗಿಂತ ರಾವಣ ಅವನಿಗೆ ಹೆಚ್ಚು ಅರ್ಥವಾಗಿರುತ್ತಾನೆ. ಪ್ರಶ್ಯದ ಅಧಿಕಾರಿಗಳ ಆಟ ಕಲಿಸುತ್ತಿದ್ದುದೂ ಇದನ್ನೇ.

ಆದ್ದರಿಂದ ಮೊದಲ ಸೇನೆ ಯಾವುದೆಂದು ಕೇಳಿಕೊಂಡು ಅಂಗಡಿಗೆ ಹೊರಟಿರುವವರಲ್ಲಿ ನನ್ನ ಬಿನ್ನಹ ಇಷ್ಟೆ. ಬಲಾಬಲದ ಪಟ್ಟಿಯನ್ನು ಮಡಿಸಿಡಿ. ಒಂದು ಕಡೆಗೆ ಐದು, ಇನ್ನೊಂದು ಕಡೆಗೆ ಐದು ಬೊಂಬೆ ತನ್ನಿ. ಹತ್ತಕ್ಕೂ ಬಣ್ಣ ಮುಗಿಯುವ ತನಕ ಹನ್ನೊಂದನೆಯದನ್ನು ಕೊಳ್ಳಬೇಡಿ. ಮುಗಿದ ದಿನ ಪಕ್ಕದ ಮನೆಯವರನ್ನೋ ತಂಗಿಯನ್ನೋ ಕರೆದು ಕೂರಿಸಿ, ಯಾವ ಕಡೆ ಬೇಕೆಂದು ಮೊದಲು ಅವರನ್ನು ಕೇಳಿ, ಉಳಿದದ್ದನ್ನು ನೀವು ಆಡಿ.